ನಿಮಗಿದು ಗೊತ್ತೇ? ಬೀಳುವ ಕಲ್ಲು, ಒತ್ತುವ ಗಾಳಿ, ಕೂಗುವ ಕುಕ್ಕರ್

ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಚಲನೆಗೊಂದು ಪಾಠ, ಒತ್ತಡಕ್ಕೊಂದು, ಶಾಖಕ್ಕೊಂದು, ಅನಿಲಗಳಿಗೊಂದು. ಪರೀಕ್ಷೆ ಮುಗಿಯುತ್ತಿದ್ದಂತೆ ಸೂತ್ರಗಳು ಒಂದೊಂದಾಗಿ ಮರೆತುಹೋಗುತ್ತವೆ. ಆದರೆ ಈ ನಾಲ್ಕೂ ಒಂದೇ ಕಥೆಯ ಭಾಗಗಳು. ಬಾವಿಯ ಪಂಪ್‌ಸೆಟ್, ಇಡ್ಲಿ ಪಾತ್ರೆ, ಸ್ಕೂಟರ್ ಟೈರು, ಜೋಗದ ಧುಮುಕು, ಎಲ್ಲೆಲ್ಲೂ ಆ ಕಥೆಯೇ ನಡೆಯುತ್ತಿದೆ. ಲೆಕ್ಕ ಬಂದ ಕಡೆ ಪೆನ್ಸಿಲ್ ಹಿಡಿದು ನೀವೂ ಮಾಡಿ ನೋಡಿ. ಎಲ್ಲವೂ ಹತ್ತನೇ ತರಗತಿಯ ಗಣಿತದೊಳಗೇ ಇವೆ.

ಬೀಳುವುದು, ಓಡುವುದು, ನಿಲ್ಲುವುದು

1. ಗೆಲಿಲಿಯೊ ಬಳಿ ಸೆಕೆಂಡು ತೋರಿಸುವ ಗಡಿಯಾರ ಇರಲಿಲ್ಲ. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳುವಷ್ಟು ಹೊತ್ತು ಪಾತ್ರೆಯ ಸಣ್ಣ ಕೊಳವೆಯಿಂದ ಸುರಿದ ನೀರನ್ನು ಹಿಡಿದು ತೂಗುತ್ತಿದ್ದ. ನೀರಿನ ತೂಕವೇ ಕಾಲದ ಅಳತೆ. ಕಾಲ ಇಮ್ಮಡಿಯಾದರೆ ಉರುಳಿದ ದೂರ ನಾಲ್ಕು ಪಟ್ಟಾಗುತ್ತದೆ ಎಂಬ ನಿಯಮ ಗಟ್ಟಿಯಾದದ್ದು ಈ ತಕ್ಕಡಿಯಲ್ಲಿ. 1638ರ ಅವನ ಪುಸ್ತಕದಲ್ಲಿ ಪ್ರಯೋಗದ ವಿವರವಿದೆ.

2. ಗಾಳಿಯಿಲ್ಲದ ಕಡೆ ಸುತ್ತಿಗೆಯೂ ಪುಕ್ಕವೂ ಒಟ್ಟಿಗೇ ಬೀಳುತ್ತವೆ ಎಂಬುದನ್ನು ಜಗತ್ತು ಟಿವಿಯಲ್ಲಿ ನೋಡಿದ್ದು 1971ರ ಆಗಸ್ಟ್ 2ರಂದು. ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು 1.32 ಕಿಲೋ ಸುತ್ತಿಗೆಯನ್ನೂ ಗಿಡುಗದ ಪುಕ್ಕವನ್ನೂ ಏಕಕಾಲಕ್ಕೆ ಕೈಬಿಟ್ಟ. ಎರಡೂ ಒಟ್ಟಿಗೆ ನೆಲ ಮುಟ್ಟಿದವು.

3. ಎರಡು ಕಿಲೋಮೀಟರ್ ಎತ್ತರದ ಮೋಡದಿಂದ ಬೀಳುವ ಮಳೆಹನಿಗೆ ಗಾಳಿ ಅಡ್ಡಿಯಾಗದಿದ್ದರೆ ಅದು ಗಂಟೆಗೆ ಸುಮಾರು 710 ಕಿಲೋಮೀಟರ್ ವೇಗದಲ್ಲಿ ತಲೆಗೆ ಬಡಿಯುತ್ತಿತ್ತು. ಗಾಳಿಯ ಎದುರೊತ್ತು ಹನಿಯ ತೂಕಕ್ಕೆ ಸಮವಾದ ಕ್ಷಣದಿಂದ ವೇಗ ಏರುವುದಿಲ್ಲ. ಅತಿ ದಪ್ಪ ಹನಿ ಕೂಡ ಗಂಟೆಗೆ 30ರಿಂದ 33 ಕಿಲೋಮೀಟರಿನಲ್ಲೇ ಇಳಿಯುತ್ತದೆ. ಆಗುಂಬೆಯ ಮಳೆಯಲ್ಲಿ ನಡೆದಾಡಲು ಆಗುವುದು ಇದರಿಂದಲೇ.

4. ಫ್ರಾನ್ಸಿನ ಜ್ಯಾಂ ರಿಷೆ 1672ರಲ್ಲಿ ಲೋಲಕದ ಗಡಿಯಾರವನ್ನು ದಕ್ಷಿಣ ಅಮೆರಿಕದ ಕೇಯೆನ್‌ಗೆ ಒಯ್ದ. ಪ್ಯಾರಿಸ್ಸಿನಲ್ಲಿ ಸರಿಯಾಗಿದ್ದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಸಮಭಾಜಕದ ಹತ್ತಿರ ಭೂಮಿಯ ಸೆಳೆತ ಕಡಿಮೆ ಎಂಬುದಕ್ಕೆ ಸಿಕ್ಕ ಮೊದಲ ಸುಳಿವು ಇದು. ಸ್ಪ್ರಿಂಗ್ ತಕ್ಕಡಿಯಲ್ಲಿ ಸಮಭಾಜಕದ ಮೇಲೆ 100 ಕಿಲೋ ತೂಗುವ ವಸ್ತು ಧ್ರುವದಲ್ಲಿ ಅರ್ಧ ಕಿಲೋ ಹೆಚ್ಚು ತೂಗುತ್ತದೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣದು. ಬಟ್ಟಿನ ಮೇಲೂ ಸೆಳೆತ ಅಷ್ಟೇ ಬದಲಾಗಿರುತ್ತದೆ.

5. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವವೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ. 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿನದರ ಶೇ 89ರಷ್ಟು ಇದ್ದೇ ಇರುತ್ತದೆ. ನಿಲ್ದಾಣವೂ ಅದರೊಳಗಿನವರೂ ಭೂಮಿಯತ್ತ ಒಟ್ಟಿಗೆ ಬೀಳುತ್ತಲೇ ಇದ್ದಾರೆ. ಅಡ್ಡವೇಗ ಸೆಕೆಂಡಿಗೆ 7.7 ಕಿಲೋಮೀಟರ್ ಇರುವುದರಿಂದ ಬಿದ್ದಷ್ಟೂ ಭೂಮಿಯ ಅಂಚು ಬಾಗಿಕೊಂಡು ದೂರ ಸರಿಯುತ್ತದೆ.

6. ಗಾಡಿಯ ವೇಗ 40ರಿಂದ 80 ಕಿಲೋಮೀಟರಿಗೆ ಏರಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಷ್ಟನ್ನೂ ಬ್ರೇಕು ಬಿಸಿಯಾಗಿ ಮಾರ್ಪಡಿಸಬೇಕು. ಘಾಟಿ ರಸ್ತೆ ಇಳಿಯುವಾಗ ಕೆಳಗಿನ ಗೇರಿನಲ್ಲಿ ಇಳಿಯಿರಿ ಎನ್ನುವುದು ಈ ಬಿಸಿ ಬ್ರೇಕಿನ ಮೇಲೆ ಬೀಳದಿರಲಿ ಎಂದು.

7. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ತಲೆ ಗೋಡೆಗೆ ಬಡಿಯುವುದೂ 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ, ತಲೆಕೆಳಗಾಗಿ ಬೀಳುವುದೂ ಒಂದೇ. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲಿನಂಥ ಪದರ ಜಜ್ಜಿಹೋಗುತ್ತ ತಲೆ ನಿಲ್ಲುವ ಕಾಲವನ್ನು ಹಿಗ್ಗಿಸುತ್ತದೆ. ಕಾಲ ಹಿಗ್ಗಿದಷ್ಟೂ ಬಲ ಕುಗ್ಗುತ್ತದೆ. ನ್ಯೂಟನ್ನನ ಎರಡನೇ ನಿಯಮ ಇದಕ್ಕಿಂತ ದೊಡ್ಡ ಉಪಕಾರ ಮಾಡಿದ ಜಾಗ ಇನ್ನೊಂದಿಲ್ಲ.

8. ಹೈದರಾಲಿ, ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳ ಹೆಚ್ಚುಗಾರಿಕೆ ಇದ್ದದ್ದು ಕಬ್ಬಿಣದ ಕೊಳವೆಯಲ್ಲಿ. ಕಾಗದ, ಬಿದಿರಿನ ಕೊಳವೆಗಳು ಬೇಗ ಸಿಡಿದುಹೋಗುತ್ತವೆ. ಕಬ್ಬಿಣ ಒಳಗಿನ ಅನಿಲದ ಹೆಚ್ಚಿನ ಒತ್ತಡ ತಡೆಯುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲ ಹಿಂದಕ್ಕೆ ರಭಸದಿಂದ ನುಗ್ಗುತ್ತದೆ, ರಾಕೆಟ್ಟು ಅಷ್ಟೇ ರಭಸದಿಂದ ಮುಂದಕ್ಕೆ ಚಿಮ್ಮುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವುಗಳ ಮಾದರಿ ಇಂಗ್ಲೆಂಡಿಗೆ ಹೋಗಿ, ವಿಲಿಯಂ ಕಾಂಗ್ರೀವ್‌ನ ರಾಕೆಟ್ಟುಗಳಿಗೆ ದಾರಿಯಾಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರಿನ ಹಳೇ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಇಂಥ ರಾಕೆಟ್ ಕೊಳವೆಗಳು ಸಿಕ್ಕಿವೆ.

9. ಭೂಮಿಯನ್ನು ಮೊದಲು ಕೋಣೆಯೊಳಗೆ ತೂಗಿದವನು ಹೆನ್ರಿ ಕ್ಯಾವೆಂಡಿಶ್, 1798ರಲ್ಲಿ. ದೊಡ್ಡ ಸೀಸದ ಗುಂಡು ಸಣ್ಣ ಗುಂಡನ್ನು ಎಳೆಯುವ ಅತಿ ಸಣ್ಣ ಬಲವನ್ನು ತಂತಿಯ ತಿರುಚಿನಿಂದ ಅಳೆದ. ತನ್ನ ಮೈಯ ಬಿಸಿಯಿಂದ ಗಾಳಿ ಕದಡೀತು ಎಂದು ಕೋಣೆಯ ಹೊರಗೆ ನಿಂತು ದೂರದರ್ಶಕದಲ್ಲಿ ನೋಡುತ್ತಿದ್ದ. ಭೂಮಿಯ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಎಂದು ಬಂತು. ಇವತ್ತಿನ ಬೆಲೆ 5.51.

ಒತ್ತಡ

10. ಚಾಚಿದ ಅಂಗೈಯ ಮೇಲೆ ಈಗ ಸುಮಾರು 100 ಕಿಲೋ ಭಾರದ ಗಾಳಿ ಕೂತಿದೆ. ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ, ಒಂದು ಚದರ ಮೀಟರಿಗೆ 10 ಟನ್. ಕೈ ಕುಸಿಯದಿರುವುದು ಏಕೆ? ಗಾಳಿ ಕೆಳಗಿನಿಂದಲೂ ಅಷ್ಟೇ ಒತ್ತುತ್ತಿದೆ, ಮೈಯೊಳಗಿನ ದ್ರವಗಳೂ ಅದೇ ಒತ್ತಡದಲ್ಲಿವೆ.

11. ಈ ಭಾರವನ್ನು ಕಣ್ಣಿಗೆ ಕಾಣಿಸಿದವನು ಇಟಲಿಯ ಟೊರಿಚೆಲ್ಲಿ. ಪಂಪುಗಳು ಸುಮಾರು 10 ಮೀಟರಿಗಿಂತ ಮೇಲಕ್ಕೆ ನೀರು ಎಳೆಯಲಾರವು ಎಂಬುದು ಅಲ್ಲಿನ ಬಾವಿ ತೋಡುವವರಿಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾದರೆ ಅದು 76 ಸೆಂಟಿಮೀಟರಿಗೇ ನಿಲ್ಲಬೇಕು. ನಿಂತಿತು. ಪಂಪು ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. 1644ರ ಅವನ ಪತ್ರದಲ್ಲಿ ಈ ವಿವರಣೆ ಇದೆ.

12. ಗಾಳಿಗೆ ಭಾರವಿದ್ದರೆ ಬೆಟ್ಟದ ಮೇಲೆ ಅದು ಕಡಿಮೆಯಾಗಬೇಕಲ್ಲವೇ ಎಂದು ಕೇಳಿದವನು ಪಾಸ್ಕಲ್. 1648ರ ಸೆಪ್ಟೆಂಬರ್ 19ರಂದು ಅವನ ಅಕ್ಕನ ಗಂಡ ಪೆರಿಯೆ, ಫ್ರಾನ್ಸಿನ ಪುಯ್ ದ ಡೋಮ್ ಬೆಟ್ಟಕ್ಕೆ ಪಾದರಸದ ಕೊಳವೆ ಹೊತ್ತು ಏರಿದ. ತುದಿಯಲ್ಲಿ ಪಾದರಸ 8 ಸೆಂಟಿಮೀಟರಿಗೂ ಹೆಚ್ಚು ಇಳಿದಿತ್ತು. ಇಲ್ಲಿ ಮೆಚ್ಚಬೇಕಾದ್ದು ಇನ್ನೊಂದಿದೆ: ಅಂಥದ್ದೇ ಒಂದು ಕೊಳವೆಯನ್ನು ಬೆಟ್ಟದ ಬುಡದಲ್ಲಿಟ್ಟು, ದಿನವಿಡೀ ನೋಡುತ್ತಿರಲು ಪಾದ್ರಿಯೊಬ್ಬರನ್ನು ಕೂರಿಸಿದ್ದರು. ಅದು ಅಲುಗಲಿಲ್ಲ. ಇಳಿತಕ್ಕೆ ಎತ್ತರವೇ ಕಾರಣ, ಹವೆಯ ಬದಲಾವಣೆಯಲ್ಲ ಎಂದು ಹೀಗೆ ಖಚಿತವಾಯಿತು.

13. ಬೋರ್‌ವೆಲ್ಲಿಗೆ ಸಬ್‌ಮರ್ಸಿಬಲ್ ಪಂಪೇ ಏಕೆ ಬೇಕು? ಮೇಲೆ ಕೂತು ಹೀರುವ ಪಂಪಿಗೆ ಟೊರಿಚೆಲ್ಲಿಯ ಮಿತಿ ಇದೆ: ಸಮುದ್ರಮಟ್ಟದಲ್ಲಿ 10.3 ಮೀಟರ್, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 9.3 ಮೀಟರ್ ಮಾತ್ರ. ವಾಸ್ತವದಲ್ಲಿ ಏಳೆಂಟು ಮೀಟರಿಗೇ ಸುಸ್ತು. ಎಷ್ಟು ಹಾರ್ಸ್‌ಪವರ್ ಹಾಕಿದರೂ ಈ ಮಿತಿ ದಾಟುವುದಿಲ್ಲ. ನೀರಿನ ಮಟ್ಟ ಇಳಿದಂತೆ ರೈತರು ತೆರೆದ ಬಾವಿಯೊಳಗೆ ಪಂಪ್‌ಸೆಟ್ಟನ್ನೂ ಕೆಳಗಿಳಿಸುತ್ತಿದ್ದುದು ಈ ಕಾರಣಕ್ಕೆ. ಸಬ್‌ಮರ್ಸಿಬಲ್ ಪಂಪು ನೀರೊಳಗೇ ಕೂತು ಮೇಲಕ್ಕೆ ನೂಕುತ್ತದೆ. ನೂಕುವುದಕ್ಕೆ ಗಾಳಿಯ ಮಿತಿ ಅನ್ವಯಿಸದು.

14. ಜರ್ಮನಿಯ ಮಾಗ್ಡೆಬರ್ಗ್ ಊರಿನ ಮೇಯರ್ ಓಟ್ಟೊ ಫಾನ್ ಗೆರಿಕೆ ಎರಡು ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡು ಕಡೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದ. ಬಿಡಿಸಲು ಅವು ಹೆಣಗಾಡಿದವು. ಆದರೆ ಎಂಟು ಕುದುರೆ ಸಾಕಿತ್ತು! ಇನ್ನೊಂದು ಕಡೆ ಗಟ್ಟಿ ಮರಕ್ಕೆ ಕಟ್ಟಿದ್ದರೂ ಅಷ್ಟೇ ಎಳೆತ. ಮರವೂ ಎಂಟು ಕುದುರೆಗಳಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ: ನ್ಯೂಟನ್ನನ ಮೂರನೇ ನಿಯಮ.

15. ಪೆಟ್ರೋಲ್ ಬಂಕಿನಲ್ಲಿ 'ಗಾಳಿ 32 ಹಾಕಿ' ಎನ್ನುತ್ತೇವೆ. ಆ 32 ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದರ ಅಳತೆ. ಸಮುದ್ರಮಟ್ಟದಲ್ಲಿ ಟೈರಿನೊಳಗಿನ ನಿಜವಾದ ಒತ್ತಡ 46.7. ಪಂಕ್ಚರಾಗಿ ಮೀಟರು ಸೊನ್ನೆ ತೋರಿಸಿದಾಗಲೂ ಒಳಗೆ ಹೊರಗಿನಷ್ಟೇ ಗಾಳಿ ಇರುತ್ತದೆ. ಓಡಿ ಟೈರು 10 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಏರುತ್ತದೆ. ಆದ್ದರಿಂದ ಬೆಳಿಗ್ಗೆ, ಟೈರು ತಣ್ಣಗಿರುವಾಗ ಗಾಳಿ ನೋಡಿಸುವುದು ಸರಿ.

16. ಬಿಪಿ 120 ಎಂದರೆ ನಿಮ್ಮ ಹೃದಯ 120 ಮಿಲಿಮೀಟರ್ ಪಾದರಸವನ್ನು ಎತ್ತಿ ನಿಲ್ಲಿಸಬಲ್ಲದು ಎಂದರ್ಥ. ನೀರಿನ ಲೆಕ್ಕದಲ್ಲಿ ಅದು 1.6 ಮೀಟರ್ ಎತ್ತರದ ಕಂಬ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ, ರಕ್ತ 8 ಅಡಿಗೂ ಮೇಲೆ ಏರಿದ್ದನ್ನು 1733ರಲ್ಲಿ ಪ್ರಕಟಿಸಿದ.

17. ಹಿನ್ನೀರು ಎಷ್ಟು ದೂರ ಹಬ್ಬಿದೆ ಎಂಬುದು ಅಣೆಕಟ್ಟಿನ ಗೋಡೆಗೆ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಆಳ ಮಾತ್ರ. ಕೆಆರ್‌ಎಸ್ ತುಂಬಿತು ಎನ್ನುವಾಗ ಕೇಳುವ 124.80 ಅಡಿ ಎಂದರೆ 38 ಮೀಟರ್. ಅಷ್ಟು ಆಳದ ನೀರು ತಳದಲ್ಲಿ ಚದರ ಮೀಟರಿಗೆ 38 ಟನ್ ಒತ್ತುತ್ತದೆ. ಕಟ್ಟೆಯ ಬುಡ ದಪ್ಪ, ತಲೆ ತೆಳು ಇರುವುದು ಇದಕ್ಕೇ. ನೀರು ಏರಿದಾಗ ತಾನಾಗಿ ತೆರೆದು, ಇಳಿದಾಗ ತಾನಾಗಿ ಮುಚ್ಚುವ ಬಾಗಿಲುಗಳನ್ನು ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿ, ಮೊದಲು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಿದರು.

18. ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಮಡಿಕೇರಿ ತಲುಪುವ ಹೊತ್ತಿಗೆ ಉಬ್ಬಿಕೊಂಡಿರುತ್ತದೆ. ಒಳಗಿನ ಅನಿಲ ಅಷ್ಟೇ ಇದೆ; ಹೊರಗಿನ ಗಾಳಿಯ ಒತ್ತಡ ಶೇ 12ರಷ್ಟು ಇಳಿದಿದೆ. ಘಾಟಿಯಲ್ಲಿ ಕಿವಿ ಗುಂಯ್‌ಗುಡುವುದಕ್ಕೂ ಇದೇ ಕಾರಣ.

19. ಅಪ್ಪ ಆಕಾಶಕ್ಕೆ, ಮಗ ಪಾತಾಳಕ್ಕೆ! ಸ್ವಿಟ್ಜರ್ಲೆಂಡಿನ ಆಗಸ್ಟ್ ಪಿಕಾರ್ 1931ರಲ್ಲಿ ಬಲೂನಿನಲ್ಲಿ 15 ಕಿಲೋಮೀಟರಿಗೂ ಮೇಲೆ ಹೋದ. ಮಗ ಜಾಕ್ ಪಿಕಾರ್, ಡಾನ್ ವಾಲ್ಶ್ ಜೊತೆ 1960ರ ಜನವರಿ 23ರಂದು ಮರಿಯಾನಾ ಕಂದಕದ ತಳ ಮುಟ್ಟಿದ. ಅಲ್ಲಿನ ಒತ್ತಡ ನಮ್ಮ ಮೇಲಿರುವ ಗಾಳಿಯ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು.

ಬಿಸಿ

20. ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಮಾಡಿದ ಮಾಪಕದಲ್ಲಿ ನೀರು ಕುದಿಯುವುದು 0 ಡಿಗ್ರಿಗೆ, ಹೆಪ್ಪುಗಟ್ಟುವುದು 100 ಡಿಗ್ರಿಗೆ! ಅವನು 1744ರಲ್ಲಿ ತೀರಿಕೊಂಡ ಮೇಲೆ ಮಾಪಕ ತಲೆಕೆಳಗಾಗಿ ಈಗಿನ ರೂಪಕ್ಕೆ ಬಂತು.

21. ಬಿಸಿ ಎಂಬುದು ವಸ್ತುವಿನೊಳಗೆ ತುಂಬಿಕೊಂಡ ಒಂದು ದ್ರವ ಎಂದು ಹಿಂದೆ ನಂಬಿದ್ದರು. ಮ್ಯೂನಿಕ್ ನಗರದಲ್ಲಿ ಫಿರಂಗಿ ಕೊರೆಸುತ್ತಿದ್ದ ಕೌಂಟ್ ರಮ್‌ಫರ್ಡ್‌ಗೆ ಅನುಮಾನ ಬಂತು: ಮೊಂಡು ಬೈರಿಗೆ ತಿರುಗುತ್ತಿರುವಷ್ಟು ಹೊತ್ತೂ ಬಿಸಿ ಬರುತ್ತಲೇ ಇದೆ, ಮುಗಿಯುವುದೇ ಇಲ್ಲ. ಬೆಂಕಿಯಿಲ್ಲದೆ, ಎರಡೂವರೆ ಗಂಟೆಯಲ್ಲಿ ನೀರು ಕುದಿಯಿತು. ಮುಗಿಯದೆ ಬರುವುದು ವಸ್ತುವಾಗಿರಲು ಸಾಧ್ಯವಿಲ್ಲ, ಅದು ಚಲನೆಯೇ ಇರಬೇಕು ಎಂದು 1798ರಲ್ಲಿ ಬರೆದ.

22. ಜೋಗದ ನೀರು ಬಿದ್ದ ಮೇಲೆ ಬಿಸಿಯಾಗುತ್ತದೆಯೇ? ಆಗುತ್ತದೆ, ಲೆಕ್ಕದಲ್ಲಿ ಸುಮಾರು 0.6 ಡಿಗ್ರಿ ಸೆಲ್ಸಿಯಸ್. ಇದರ ಹಿಂದೆ ಮ್ಯಾಂಚೆಸ್ಟರಿನ ಬಿಯರ್ ತಯಾರಕರ ಮನೆಯ ಮಗ ಜೇಮ್ಸ್ ಜೂಲ್ ಇದ್ದಾನೆ. ಬೀಳುವ ತೂಕದಿಂದ ನೀರೊಳಗೆ ಹುಟ್ಟು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ವರ್ಷಗಟ್ಟಲೆ ಅಳೆದ. ಅವನಿಗೆ ಸಿಕ್ಕ ಉತ್ತರ: ನೀರು ಸುಮಾರು 772 ಅಡಿ ಬಿದ್ದರೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗುತ್ತದೆ. ಅವನ ಸಮಾಧಿಯ ಕಲ್ಲಿನ ಮೇಲೆ 772.55 ಎಂಬ ಅಂಕಿಯನ್ನು ಕೆತ್ತಿದ್ದಾರೆ. ನಮ್ಮ ಜೋಗ 830 ಅಡಿ, ಅಂದರೆ 253 ಮೀಟರ್; ಜೂಲ್‌ನ ಒಂದು ಡಿಗ್ರಿಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ. 1847ರಲ್ಲಿ ಮಧುಚಂದ್ರಕ್ಕೆಂದು ಆಲ್ಪ್ಸ್ ಸೀಮೆಗೆ ಹೋದಾಗಲೂ ಅವನು ಗೆಳೆಯ ವಿಲಿಯಂ ಥಾಮ್ಸನ್ ಜೊತೆ ಸಲಾಂಶ್ ಜಲಪಾತದಲ್ಲಿ ಈ ಏರಿಕೆ ಅಳೆಯಲು ಹೊರಟಿದ್ದ. ನೀರು ತುಂತುರಾಗಿ ಚದುರಿಹೋಗಿ ಅಳತೆ ಸಿಗಲಿಲ್ಲ. ಜೋಗದಲ್ಲೂ ಅದೇ ತೊಡಕು: ಚದುರಿದ ಹನಿಗಳು ಆವಿಯಾಗಿ ತಣ್ಣಗಾಗುವುದರ ಮುಂದೆ 0.6 ಡಿಗ್ರಿ ಕರಗಿಹೋಗುತ್ತದೆ.

23. ಅದೇ ಬೀಳುವ ನೀರಿನ ಶಕ್ತಿ ಬಿಸಿಯಾಗಿ ಪೋಲಾಗದಂತೆ ಟರ್ಬೈನಿಗೆ ಕೊಟ್ಟರೆ ಕರೆಂಟು. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳ ಯಂತ್ರ ತಿರುಗಿಸಿತು.

24. ಇಡ್ಲಿಯನ್ನು ಬೇಯಿಸುವುದು ಆವಿಯ ಬಿಸಿಗಿಂತ ಹೆಚ್ಚಾಗಿ ಆವಿ ಮತ್ತೆ ನೀರಾಗುವ ಘಟನೆ. ಒಂದು ಗ್ರಾಂ ಆವಿ ತಣ್ಣನೆಯ ಹಿಟ್ಟು ತಾಗಿ 100 ಡಿಗ್ರಿಯ ನೀರಾಗುವಾಗಲೇ 540 ಕ್ಯಾಲೊರಿ ಬಿಟ್ಟುಕೊಡುತ್ತದೆ. ಆ ನೀರು 100ರಿಂದ 40 ಡಿಗ್ರಿಗೆ ತಣಿದರೆ ಸಿಗುವುದು 60 ಕ್ಯಾಲೊರಿ ಮಾತ್ರ. ಕುದಿನೀರಿಗಿಂತ ಆವಿಯ ಸುಟ್ಟಗಾಯ ಭೀಕರವಾಗುವುದಕ್ಕೂ ಇದೇ ಕಾರಣ. ಪಾತ್ರೆಯ ಮುಚ್ಚಳವನ್ನು ಮುಖದಿಂದ ಆಚೆಗೆ ವಾಲಿಸಿ ತೆಗೆಯಿರಿ. ಈ ಅಡಗಿದ ಬಿಸಿಯನ್ನು 1760ರ ದಶಕದ ಮೊದಲಲ್ಲಿ ಅಳೆದವನು ಗ್ಲಾಸ್ಗೊದ ಜೋಸೆಫ್ ಬ್ಲ್ಯಾಕ್.

25. ದೋಸೆ ಕಾವಲಿಗೆ ನೀರು ಚಿಮುಕಿಸಿದಾಗ ಹನಿ ಚುಂಯ್ ಎಂದು ಆರಿಹೋದರೆ ಕಾವು ಸಾಲದು ಎನ್ನಬೇಡಿ. ಹನಿ ಆರದೆ ಮುತ್ತಿನಂತೆ ಉರುಳಾಡಿದರೆ ಕಾವಲಿ ವಿಪರೀತ ಕಾದಿದೆ. ಹನಿಯ ತಳ ಆವಿಯಾಗಿ ಆ ಪದರದ ಮೇಲೆಯೇ ಹನಿ ತೇಲುತ್ತದೆ, ಲೋಹವನ್ನು ಮುಟ್ಟುವುದಿಲ್ಲ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಕಾದ ಚಮಚದ ಮೇಲೆ ಇದನ್ನು ಕಂಡು ಬರೆದಿದ್ದಾನೆ.

26. ಮಣ್ಣಿನ ಹೂಜಿಯ ನೀರು ಕಲಬುರಗಿಯಲ್ಲಿ ತಣ್ಣಗಾದಷ್ಟು ಮಂಗಳೂರಿನಲ್ಲಿ ಆಗದು. ಜಿನುಗಿದ ಒಂದು ಗ್ರಾಂ ನೀರು ಆರಲು ಬೇಕಾದ ಸುಮಾರು 580 ಕ್ಯಾಲೊರಿಯನ್ನು ಉಳಿದ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಆರುವುದೇ ನಿಧಾನ.

27. ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ, 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ 94ರ ಆಸುಪಾಸಿಗೆ. ಪ್ರತಿ 300 ಮೀಟರಿಗೆ ಹತ್ತಿರಹತ್ತಿರ ಒಂದು ಡಿಗ್ರಿ ಇಳಿತ. 19ನೇ ಶತಮಾನದ ಸರ್ವೇಯರುಗಳು ಇದನ್ನೇ ತಿರುಗಿಸಿ ಬಳಸಿದರು: ಬೆಟ್ಟದ ಮೇಲೆ ನೀರು ಕುದಿಸಿ, ಥರ್ಮಾಮೀಟರ್ ನೋಡಿ, ಎತ್ತರ ಲೆಕ್ಕ ಹಾಕುತ್ತಿದ್ದರು.

28. ಕುಕ್ಕರಿನ ವೆಯ್ಟು ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ಪಟ್ಟು ಹೆಚ್ಚಿಸಿ, ನೀರನ್ನು 120 ಡಿಗ್ರಿಯ ಆಸುಪಾಸಿಗೆ ಒಯ್ಯುತ್ತದೆ. ಕೂಗತೊಡಗಿದ ಮೇಲೆ ಉರಿ ಜೋರು ಮಾಡಿದರೆ ಬೇಳೆ ಬೇಗ ಬೇಯುವುದಿಲ್ಲ, ಗ್ಯಾಸು ಮಾತ್ರ ಬೇಗ ತೀರುತ್ತದೆ. ಮೊದಲ ಕುಕ್ಕರ್ ಡೆನಿ ಪಾಪೆಂ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ್ದು. ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ಸೇಫ್ಟಿ ವಾಲ್ವ್ ಕೂಡ ಅವನದೇ. 1682ರಲ್ಲಿ ಅದರಲ್ಲಿ ಬೇಯಿಸಿದ ಊಟವನ್ನು ಸೊಸೈಟಿಯ ಸದಸ್ಯರಿಗೆ ಬಡಿಸಿದ, ಮೂಳೆಗಳೂ ಮೆತ್ತಗಾಗಿದ್ದವು.

29. ಒಣ ಮರಳಿನ ವಿಶಿಷ್ಟೋಷ್ಣ ನೀರಿನ ಐದನೇ ಒಂದು ಪಾಲು. ಮಧ್ಯಾಹ್ನ ಮಲ್ಪೆಯ ಮರಳು ಕಾಲು ಸುಡುತ್ತದೆ, ಪಕ್ಕದ ಸಮುದ್ರ ತಂಪು. ಕಾದ ನೆಲದ ಗಾಳಿ ಮೇಲೇರಿದ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ತಣಿದು ಗಾಳಿ ದಿಕ್ಕು ಬದಲಿಸುತ್ತದೆ.

30. ಒಂದು ಕಿಲೋಮೀಟರ್ ಉಕ್ಕಿನ ಹಳಿ 40 ಡಿಗ್ರಿ ಕಾದರೆ 48 ಸೆಂಟಿಮೀಟರ್ ಉದ್ದವಾಗಬೇಕು. ಎತ್ತಿನ ಗಾಡಿಯ ಚಕ್ರಕ್ಕಿಂತ ತುಸು ಚಿಕ್ಕದಾದ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ತೊಡಿಸಿ, ನೀರು ಹೊಯ್ಯುವ ಕಮ್ಮಾರರ ಕೆಲಸದ ಹಿಂದಿರುವುದೂ ಇದೇ ನಿಯಮ. ತಣಿದ ಪಟ್ಟಿ ಕುಗ್ಗಿ ಚಕ್ರವನ್ನು ಮೊಳೆಗಿಂತ ಬಿಗಿಯಾಗಿ ಹಿಡಿಯುತ್ತದೆ.

ಅನಿಲ

31. ರಾಬರ್ಟ್ ಬಾಯ್ಲ್ ಇಂಗ್ಲಿಷಿನ ಜೆ ಅಕ್ಷರದಂತೆ ಬಾಗಿದ ಉದ್ದನೆಯ ಗಾಜಿನ ಕೊಳವೆಗೆ ಪಾದರಸ ಸುರಿಯುತ್ತ, ತುದಿಯಲ್ಲಿ ಸಿಕ್ಕಿಕೊಂಡ ಗಾಳಿ ಎಷ್ಟು ಕುಗ್ಗಿತೆಂದು ಅಳೆದ. ಒತ್ತಡ ಇಮ್ಮಡಿಯಾದರೆ ಗಾತ್ರ ಅರ್ಧ. 1662ರಲ್ಲಿ ಅಳತೆಗಳ ಪಟ್ಟಿಯನ್ನೇ ಅಚ್ಚು ಮಾಡಿಸಿದ. ಅವನ ಗಾಳಿ ಪಂಪು ಕಟ್ಟಿಕೊಟ್ಟವನು ರಾಬರ್ಟ್ ಹುಕ್.

32. ಜಾಕ್ ಚಾರ್ಲ್ಸ್ ಕಬ್ಬಿಣದ ಮೇಲೆ ಆಮ್ಲ ಸುರಿದು ಹೈಡ್ರೋಜನ್ ತಯಾರಿಸಿ ತುಂಬಿದ ಬಲೂನು 1783ರ ಆಗಸ್ಟ್ 27ರಂದು ಪ್ಯಾರಿಸ್ಸಿನಿಂದ ಹಾರಿ ಗೊನೆಸ್ ಎಂಬ ಹಳ್ಳಿಯಲ್ಲಿ ಇಳಿಯಿತು. ಹೆದರಿದ ಹಳ್ಳಿಗರು ಅದನ್ನು ತಿವಿದು ಹರಿದುಹಾಕಿದರು. ಡಿಸೆಂಬರ್ 1ರಂದು ಚಾರ್ಲ್ಸ್ ತಾನೇ ಹಾರಿದ. ಕಾದ ಅನಿಲ ಹಿಗ್ಗುವ ನಿಯಮಕ್ಕೆ ಅವನ ಹೆಸರಿದ್ದರೂ ಅವನು ಅದನ್ನು ಪ್ರಕಟಿಸಲೇ ಇಲ್ಲ. 1802ರಲ್ಲಿ ಪ್ರಕಟಿಸಿದ ಗೇ-ಲುಸಾಕ್ ಪ್ರಾಮಾಣಿಕವಾಗಿ ಚಾರ್ಲ್ಸನ ಹೆಸರು ಹೇಳಿದ.

33. ಗ್ಯಾಸ್ ಸಿಲಿಂಡರ್ ಮುಗಿಯುವವರೆಗೂ ಒಲೆಯ ಉರಿ ಹೆಚ್ಚುಕಡಿಮೆ ಒಂದೇ ಸಮ ಇರುವುದೇಕೆ? ಒಳಗಿರುವುದು 14.2 ಕಿಲೋ ದ್ರವ. ಅದರ ಮೇಲಿನ ಆವಿಯ ಒತ್ತಡ ದ್ರವ ಎಷ್ಟಿದೆ ಎಂಬುದನ್ನು ಹೆಚ್ಚು ಲೆಕ್ಕಿಸದು, ಎಷ್ಟು ಬಿಸಿಯಿದೆ ಎಂಬುದನ್ನು ಲೆಕ್ಕಿಸುತ್ತದೆ. ಆದ್ದರಿಂದ ಉಳಿದ ಗ್ಯಾಸು ತಿಳಿಯಲು ತೂಗಿ ನೋಡುವುದೇ ಸರಿ. ಖಾಲಿ ತೂಕ ಸಿಲಿಂಡರಿನ ಮೇಲೇ ಬರೆದಿರುತ್ತದೆ. ಇನ್ನೊಂದನ್ನು ಮರೆಯಬೇಡಿ: ಈ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲದ ಮೇಲೆ ಹಾಸಿಕೊಳ್ಳುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು ಕಿಟಕಿ ತೆರೆಯಿರಿ.

34. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಒತ್ತಿದರೆ ಅದು 500 ಡಿಗ್ರಿ ದಾಟಿ ಕಾಯುತ್ತದೆ; ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದೂ ಇದೇ ಕಾರಣದಿಂದ. ರುಡಾಲ್ಫ್ ಡೀಸೆಲ್‌ನ ಯಶಸ್ವಿ ಎಂಜಿನ್ ಓಡಿದ್ದು 1897ರಲ್ಲಿ, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ.

35. ಶಬ್ದದ ವೇಗವನ್ನು ನ್ಯೂಟನ್ ಬಾಯ್ಲ್ ನಿಯಮದಿಂದ ಲೆಕ್ಕ ಹಾಕಿದ. ಉತ್ತರ ಶೇ 15ರಷ್ಟು ಕಡಿಮೆ ಬಂತು. ಶಬ್ದದ ಅಲೆಯಲ್ಲಿ ಗಾಳಿ ಎಷ್ಟು ಬೇಗ ಒತ್ತಿಕೊಳ್ಳುತ್ತದೆಂದರೆ, ಹುಟ್ಟಿದ ಬಿಸಿ ಹೊರಹೋಗಲು ಸಮಯವೇ ಇರುವುದಿಲ್ಲ. ಆ ಬಿಸಿಯನ್ನು ಸೇರಿಸಿ ಲೆಕ್ಕ ಸರಿಪಡಿಸಿದವನು ಲಾಪ್ಲಾಸ್, 1816ರಲ್ಲಿ.

36. ನೀವಿರುವ ಕೋಣೆಯ ಗಾಳಿಯ ಅಣುಗಳು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತಿವೆ, ಶಬ್ದಕ್ಕಿಂತ ವೇಗವಾಗಿ. ಹಾಗಿದ್ದೂ ದೇವರ ಮನೆಯ ಊದುಬತ್ತಿಯ ಪರಿಮಳ ಪಡಸಾಲೆಗೆ ಬರಲು ಹೊತ್ತು ಬೇಕು. ಪ್ರತಿ ಅಣುವೂ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ಹೋಗುವಷ್ಟರಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತದೆ. ಒಂದು ಸೆಕೆಂಡಿನಲ್ಲಿ ಇಂಥ ಡಿಕ್ಕಿ ಸುಮಾರು 700 ಕೋಟಿ.

37. ಒತ್ತಡ ಎಂದರೆ ಈ ಡಿಕ್ಕಿಗಳು ಗೋಡೆಗೆ ಬೀಳುವುದರ ಮೊತ್ತ. ಉಷ್ಣತೆ ಎಂದರೆ ಅಣುಗಳ ಸರಾಸರಿ ಚಲನಶಕ್ತಿಯ ಅಳತೆ. 0 ಡಿಗ್ರಿಯಲ್ಲಿರುವ ಅನಿಲದ ಒತ್ತಡ ಪ್ರತಿ ಡಿಗ್ರಿ ತಣಿದಂತೆ 273ರಲ್ಲೊಂದು ಪಾಲು ಇಳಿಯುತ್ತದೆ. ಹಾಗೇ ಇಳಿಯುತ್ತ ಹೋದರೆ ಮೈನಸ್ 273.15ಕ್ಕೆ ಸೊನ್ನೆ. ಆ ಸೊನ್ನೆಯಿಂದ ಎಣಿಸುವ ಮಾಪಕವನ್ನು 1848ರಲ್ಲಿ ಸೂಚಿಸಿದವನು, ಜೂಲ್ ಜೊತೆ ಜಲಪಾತಕ್ಕೆ ಹೋಗಿದ್ದ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಆದವನು.

38. ಬೆಟ್ಟ ಏರಿದಂತೆ ಗಾಳಿ ತೆಳುವಾಗುವ ನಿಯಮವನ್ನು ಫ್ರಾನ್ಸಿನ ಜ್ಯಾಂ ಪೆರ್‍ಯಾಂ ಒಂದು ನೀರಿನ ಹನಿಯೊಳಗೆ ನೋಡಿದ. ಹನಿಯಲ್ಲಿ ತೇಲುವ ಅಂಟಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದಾಗ, ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ಮೇಲೇರುತ್ತಿದ್ದಂತೆ ಅವುಗಳ ಸಂಖ್ಯೆ ಅರ್ಧವಾಗುತ್ತಿತ್ತು. ಗಾಳಿ ಅರ್ಧವಾಗಲು ಐದೂವರೆ ಕಿಲೋಮೀಟರ್ ಏರಬೇಕು. ಈ ಎರಡರ ಹೋಲಿಕೆಯಿಂದ ಅಣುಗಳ ಎಣಿಕೆ ಸಿಕ್ಕಿತು. ಅದಕ್ಕೆ ಅವೊಗಾಡ್ರೊ ಸಂಖ್ಯೆ ಎಂದು 1909ರಲ್ಲಿ ಹೆಸರಿಟ್ಟವನೂ ಅವನೇ. 1926ರಲ್ಲಿ ನೊಬೆಲ್ ಬಂತು.

ಎಲ್ಲ ಸೇರಿ

39. ಭೂಮಿಗೆ ಗಾಳಿ ಇದೆ, ಚಂದ್ರನಿಗೆ ಏಕಿಲ್ಲ? ಭೂಮಿಯ ಸೆಳೆತ ಬಿಡಿಸಿಕೊಂಡು ಹೋಗಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು, ಚಂದ್ರನಿಂದ 2.4 ಸಾಕು. ಚಂದ್ರನ ಹಗಲು 120 ಡಿಗ್ರಿಯಷ್ಟು ಕಾಯುತ್ತದೆ. ಆ ಬಿಸಿಯಲ್ಲಿ ಸಾರಜನಕದ ಅಣುಗಳ ಸರಾಸರಿ ವೇಗ ಸೆಕೆಂಡಿಗೆ ಸುಮಾರು 0.6 ಕಿಲೋಮೀಟರ್. ಸರಾಸರಿಗಿಂತ ನಾಲ್ಕು ಪಟ್ಟು ವೇಗದವು ಎಲ್ಲ ಕಾಲದಲ್ಲೂ ಕೆಲವು ಇದ್ದೇ ಇರುತ್ತವೆ. ಕೋಟ್ಯಂತರ ವರ್ಷಗಳಲ್ಲಿ ಒಂದೊಂದಾಗಿ ಅವು ಪಾರಾಗುತ್ತವೆ. ಭೂಮಿಯಲ್ಲಿ ಪಾರಾಗಲು ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗ ಬೇಕು. ಹಗುರವಾದ ಹೈಡ್ರೋಜನ್ ಇಂದಿಗೂ ಅಷ್ಟಿಷ್ಟು ತಪ್ಪಿಸಿಕೊಳ್ಳುತ್ತಿದೆ, ಸಾರಜನಕ ಆಮ್ಲಜನಕ ಉಳಿದಿವೆ.

ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳಲು ಕಲ್ಲು ಬೀಳುವ ಪಾಠ ಬೇಕಾಯಿತು, ಬಿಸಿಯ ಪಾಠ ಬೇಕಾಯಿತು, ಅನಿಲದ ಪಾಠವೂ ಬೇಕಾಯಿತು. ಯಾವುದೊಂದನ್ನು ಬಿಟ್ಟರೂ ನಾವು ಉಸಿರಾಡುವ ಗಾಳಿ ಇಲ್ಲೇಕೆ ಉಳಿದಿದೆ ಎಂದು ಹೇಳಲಾಗದು. ಮಕ್ಕಳಿಗೆ ಪಾಠ ಹೇಳುವವರು ಈ ಅಧ್ಯಾಯಗಳ ನಡುವಿನ ಗೋಡೆಯನ್ನು ಒಮ್ಮೆ ಕೆಡವಿ, ಅಣು ಓಡುತ್ತದೆ, ಬಡಿಯುತ್ತದೆ, ಬೀಳುತ್ತದೆ ಎಂಬ ಒಂದೇ ಎಳೆಯಿಂದ ಎಲ್ಲವನ್ನೂ ಹೇಳಿ ನೋಡಲಿ. ಸೂತ್ರಗಳನ್ನು ಬಾಯಿಪಾಠ ಮಾಡುವ ಹೊರೆ ಇಳಿಯುತ್ತದೆ. ಕುಕ್ಕರ್ ಕೂಗಿದಾಗ, ಟೈರಿಗೆ ಗಾಳಿ ಹಾಕಿಸುವಾಗ, ಬೋರ್‌ವೆಲ್ಲಿಗೆ ಪಂಪು ಇಳಿಸುವಾಗ ಏಕೆ ಎಂದು ಕೇಳುವ ಮಗುವಿಗೆ ಉತ್ತರವೂ ಮನೆಯಲ್ಲೇ ಸಿಗುತ್ತದೆ.